ಪಿತ್ತ ಎನ್ನದೆ ಹೇಳಬೇಕಾದದ್ದು

ಖಾನಾಪುರ ತಾಲ್ಲೂಕಿನಲ್ಲಿ ಕನ್ನಡದವರಿಗೂ ಮರಾಠಿಯವರಿಗೂ ಭಾಷಾಂತರದ ಅಗತ್ಯವಿಲ್ಲದ ಕಾಯಿಲೆಯೊಂದಿದೆ. ಅದರ ಹೆಸರು ಪಿತ್ತ. ಎದೆ ಉರಿದರೆ ಪಿತ್ತ, ತಲೆ ಸಿಡಿದರೆ ಪಿತ್ತ, ಬಸ್ಸಿನಲ್ಲಿ ವಾಂತಿಯಾದರೆ ಪಿತ್ತ, ಬೆಳಿಗ್ಗೆ ಬಾಯಿ ಕಹಿಯಾಗಿದ್ದರೆ ಪಿತ್ತ, ನಿಂತಲ್ಲಿ ಕಣ್ಣು ಮಂಜಾದರೂ ಪಿತ್ತ. ಇಷ್ಟೆಲ್ಲವನ್ನೂ ವಿವರಿಸುವ ಪದ ನಿಜವಾಗಿ ಯಾವುದನ್ನೂ ವಿವರಿಸುತ್ತಿಲ್ಲ ಎಂಬ ಅನುಮಾನ ಹುಟ್ಟಬೇಕಾದರೆ, ಆ ಪದವನ್ನು ಒಮ್ಮೆ ಬಾಯಿಂದ ತೆಗೆದು ಪಕ್ಕಕ್ಕಿಡಬೇಕು. ನಂದಗಡದ ಬಂಡೆಪ್ಪ ಅದನ್ನು ಪಕ್ಕಕ್ಕಿಟ್ಟದ್ದು ತನ್ನ ನಲವತ್ತಾರನೆಯ ವಯಸ್ಸಿನಲ್ಲಿ, ಎರಡು ಸಾವಿರದ ಇಸವಿಯಲ್ಲಿ. ಅದಕ್ಕೆ ಕೆಲವು ವಾರ ಮೊದಲು ಒಂಬತ್ತು ಜನರ ಜೀವ ದೇಸೂರಿನ ರೈಲು ಗೇಟಿನ ಮುಂದೆ ಒಂದು ಗೇಣಿನಷ್ಟು ಅಂತರದಲ್ಲಿ ಉಳಿದಿತ್ತು.

ಬಂಡೆಪ್ಪನದು ಕುರಿ ಕಾಯ್ದ ಮನೆತನ. ತಂದೆಯ ಕಾಲಕ್ಕೆ ಹಿಂಡು ಕರಗಿತು; ಮಗ ಸ್ಟೇರಿಂಗ್ ಹಿಡಿದ. ಮೊದಲು ಕಟ್ಟಿಗೆಯ ಲಾರಿ, ಆಮೇಲೆ ಖಾನಾಪುರದ ಸಮದ ಸಾಹೇಬರ ಟ್ರ್ಯಾಕ್ಸ್ ಜೀಪು. ಸಮದರಿಗೆ ಪೇಟೆಯಲ್ಲಿ ಟಾಯರ್ ಅಂಗಡಿ, ಜೊತೆಗೆ ಈ ಒಂದೇ ಗಾಡಿ. ಬೆಳಿಗ್ಗೆ ಏಳಕ್ಕೆ ನಂದಗಡ ಬಿಟ್ಟು, ಖಾನಾಪುರದಲ್ಲಿ ಜನರನ್ನು ತುಂಬಿಕೊಂಡು, ದೇಸೂರ ದಾಟಿ ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನ ಅಂಚಿನಲ್ಲಿ ಇಳಿಸುವುದು. ದಿನಕ್ಕೆ ಮೂರು ಸಲ ಹೀಗೆ ಹೋಗಿ ಬರುವುದು. ಕಚೇರಿಗೆ ಅಪ್-ಡೌನ್ ಮಾಡುವವರು, ದವಾಖಾನೆಗೆ ಹೊರಟವರು, ಮಾರಲು ಬುಟ್ಟಿ ಹೊತ್ತವರು ಅವನ ಖಾಯಂ ಗಿರಾಕಿಗಳು. ಒಂಬತ್ತು ವರ್ಷಗಳಲ್ಲಿ ಅವನ ಕೈಯಲ್ಲಿ ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಇದನ್ನು ಅವನು ತಾನಾಗಿ ಯಾರಿಗೂ ಹೇಳುತ್ತಿರಲಿಲ್ಲ. ಬೇರೆಯವರು ಹೇಳಿದಾಗ ಮಾತ್ರ ಬೇಡ ಎನ್ನುತ್ತಿರಲಿಲ್ಲ.

ಎರಡು ವರ್ಷಗಳಿಂದ ಅವನು ಬೆಳಿಗ್ಗೆ ಏಳುವುದೇ ಗಂಟಲಲ್ಲಿ ಹುಳಿನೀರು ಹಿಡಿದುಕೊಂಡು. ಎದೆಯ ಮೂಳೆಯ ಹಿಂದೆ ಕೆಂಡ ಇಟ್ಟಂತೆ ಉರಿ, ಹಣೆಯಲ್ಲಿ ಮಂಕಾದ ನೋವು, ಒಣಗಿದ ನಾಲಿಗೆ. ಎಂಟು ತಾಸು ಮಲಗಿದರೂ ಮಲಗದವನಂಥ ಮೈ. ಹಗಲು ಎಲ್ಲಿ ಕುಳಿತರೂ ಕಣ್ಣು ಎಳೆಯುವುದು. ಮನೆಯವರೂ ಊರವರೂ ಸ್ವತಃ ಅವನೂ ಇದನ್ನೆಲ್ಲ ಪಿತ್ತವೆಂಬ ಒಂದೇ ಗಂಟಿಗೆ ಕಟ್ಟಿದ್ದರು. ಆ ಗಂಟಿನಿಂದ ಅವನಿಗೊಂದು ಅನುಕೂಲವೂ ಇತ್ತು. ಈ ದಾರಿಯಲ್ಲಿ ತೂಕಡಿಸುವ ಡ್ರೈವರ್ ಎಂದರೆ ಕುಡಿಯುವ ಡ್ರೈವರ್ ಎಂದೇ ಅರ್ಥ. ಬಂಡೆಪ್ಪ ಕುಡಿಯುತ್ತಿರಲಿಲ್ಲ. ನಿದ್ರೆ ಅಪಮಾನವಾಗಿತ್ತು, ಪಿತ್ತಕ್ಕೆ ಮರ್ಯಾದೆಯಿತ್ತು.

ಮದ್ದೂ ಊರಿನದೇ. ರಾತ್ರಿ ಒಂಬತ್ತೂವರೆಗೆ ಮನೆ ಸೇರಿ, ನಾಲ್ಕು ರೊಟ್ಟಿ, ಝುಣಕ, ಕೆಂಪು ಚಟ್ನಿ ಉಂಡು, ಅದರ ಮೇಲೆ ಒಂದು ತಂಬಿಗೆ ಕೋಕಮ್, ಅಂದರೆ ಮುರುಗಲ ಹಣ್ಣಿನ, ನೀರು ಕುಡಿದು, ಕೂಡಲೇ ಅಂಗಾತ ಮಲಗುತ್ತಿದ್ದ. ಕೋಕಮ್ ಪಿತ್ತವನ್ನು ಕಡಿಯುತ್ತದೆ ಎಂಬುದರಲ್ಲಿ ಆ ಸೀಮೆಯ ಯಾರಿಗೂ ಸಂಶಯವಿಲ್ಲ. ಕೋಕಮ್ ಹುಳಿ ಎಂಬುದರಲ್ಲಿಯೂ ಸಂಶಯವಿಲ್ಲ. ಈ ಎರಡು ಸಂಗತಿಗಳು ಒಂದೇ ತಲೆಯೊಳಗೆ ಪರಸ್ಪರ ಭೇಟಿಯಾಗದೆ ಎಷ್ಟು ವರ್ಷ ಬೇಕಾದರೂ ಬದುಕಬಲ್ಲವು. ಹುಳಿ ಮೇಲೆ ಬರಬಾರದೆಂದು ತುಂಬಿದ ಹೊಟ್ಟೆಯ ಮೇಲೆ ಹುಳಿಯನ್ನೇ ಸುರಿದುಕೊಂಡು ಮಲಗುವ ತಪ್ಪು, ಕೋಕಮ್ ಬೆಳೆಯುವ ಊರಿನವರು ಮಾತ್ರ ಮಾಡಬಲ್ಲ ತಪ್ಪು.

ಫೆಬ್ರುವರಿಯ ಒಂದು ಬೆಳಿಗ್ಗೆ ದೇಸೂರಿನ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಬರಬೇಕಿತ್ತು. ಬಂಡೆಪ್ಪ ಎಲ್ಲರಿಗಿಂತ ಮುಂದೆ ಟ್ರ್ಯಾಕ್ಸ್ ನಿಲ್ಲಿಸಿ, ಎಂಜಿನ್ ಆರಿಸದೆ, ಬ್ರೇಕಿನ ಮೇಲೆ ಕಾಲಿಟ್ಟು ಕುಳಿತಿದ್ದ. ಆ ಜಾಗದಲ್ಲಿ ರಸ್ತೆ ಹಳಿಯ ಕಡೆಗೆ ಅಷ್ಟಿಷ್ಟು ಇಳಿಜಾರು. ಅವನ ಪಕ್ಕದ ಸೀಟಿನಲ್ಲಿ, ಬೆಳಗಾವಿಯ ಮನೆಗಳಿಗೆ ಮೊಸರು ಹಾಕುವ ಖಾನಾಪುರದ ಚಂದ್ರವ್ವ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಗಾಡಿ ಚಲಿಸಿದ್ದು ಮೊದಲು ತಿಳಿದದ್ದು ಅವಳಿಗೂ ಅಲ್ಲ, ಮೊಸರಿಗೆ. ಅದು ಗಡಿಗೆಯ ಬಾಯಿ ಮೀರಿ ಅವಳ ಸೀರೆಗೆ ತುಳುಕಿತು. ಅವಳು ತಲೆಯೆತ್ತಿದಾಗ ಗೇಟಿನ ಅಡ್ಡಗೋಲು ಗಾಜಿನ ಹತ್ತಿರಕ್ಕೆ ಬರುತ್ತಿತ್ತು. ಅದರಾಚೆ ಎಂಜಿನ್ನಿನ ಸದ್ದು. ಬಂಡೆಪ್ಪನ ಬಾಯಿ ತೆರೆದಿತ್ತು, ಗಲ್ಲ ಎದೆಗೆ ತಾಗಿತ್ತು. ಅವಳು ಮುಷ್ಟಿಯಿಂದ ಅವನ ಭುಜಕ್ಕೆ ಗುದ್ದಿದಳು. ಅವನ ಕಾಲು ತಾನಾಗಿ ಬ್ರೇಕ್ ಒತ್ತಿತು. ಅಡ್ಡಗೋಲಿಗೂ ಬಂಪರಿಗೂ ಗೇಣು ಉಳಿದಿರುವಾಗ ಗೂಡ್ಸಿನ ಡಬ್ಬಿಗಳು ಒಂದಾದ ಮೇಲೊಂದು ಹಾಯ್ದುಹೋದವು.

ಹಿಂದೆ ಕುಳಿತವರಿಗೆ ಏನೂ ಅನ್ನಿಸಿರಲಿಲ್ಲ. ಗೇಟಿನ ಮುಂದೆ ಎಲ್ಲ ಡ್ರೈವರುಗಳೂ ಇಂಚಿಂಚು ಮುಂದೆ ಸರಿಯುವವರೇ. ಚಂದ್ರವ್ವ ದನಿ ತಗ್ಗಿಸಿ ಹೇಳಿದಳು:

“ತಮ್ಮಾ, ನೀ ಮಕ್ಕೊಂಡಿದ್ದಿ.”

“ಇಲ್ಲ ಯಕ್ಕಾ, ಪಿತ್ತ. ಕಣ್ಣಿಗೆ ಕತ್ತಲಿ ಬಂತು.”

“ಕಣ್ಣಿಗೆ ಕತ್ತಲಿ ಬಂದಾವ ಗೊರಕಿ ಹೊಡಿಯಂಗಿಲ್ಲ.”

ಬೆಳಗಾವಿಯಲ್ಲಿ ಜನರನ್ನು ಇಳಿಸಿ ಬಂಡೆಪ್ಪ ಗಾಡಿಯನ್ನು ಕ್ಯಾಂಪಿನ ಒಂದು ಮರದ ಕೆಳಗೆ ನಿಲ್ಲಿಸಿದ. ವಾಪಸು ಹೋಗುವ ಜನ ಕಾಯುತ್ತಿದ್ದರು. ಅವನು ಎಸ್‌ಟಿಡಿ ಬೂತಿಗೆ ಹೋಗಿ ಸಮದರ ಅಂಗಡಿಗೆ ಫೋನ್ ಮಾಡಿ, ಗಾಡಿ ಒಯ್ಯಲು ಬೇರೆ ಯಾರನ್ನಾದರೂ ಕಳಿಸಬೇಕೆಂದು ಹೇಳಿದ. ಅಪಘಾತವೇ ಆಗಿದೆಯೆಂದು ತಿಳಿದ ಸಮದ, ಅಂಗಡಿಯನ್ನು ಹೆಂಡತಿ ಮದರಬೀಗೆ ಒಪ್ಪಿಸಿ, ಸಿಕ್ಕ ಬಸ್ಸು ಹತ್ತಿ ತಾವೇ ಬಂದರು. ಬಂದವರು ಗಾಡಿಯ ಸುತ್ತ ಎರಡು ಸುತ್ತು ಹಾಕಿದರು.

“ಗಾಡಿಗಿ ಏನ ಆಗೇತಿ?”

“ಗಾಡಿಗಿ ಏನೂ ಆಗಿಲ್ಲರಿ ಸಾಹೇಬ್ರ. ನನಗ ಆಗೇತಿ.”

ನಡೆದದ್ದನ್ನು ಅವನು ಮುಚ್ಚಿಡದೆ ಹೇಳಿದ. ಸಮದ ಮೊದಲು ನಕ್ಕರು. ತಮ್ಮ ಗೊರಕೆಗೆ ಬೇಸತ್ತು ಮದರಬೀ ತಮ್ಮನ್ನು ಪಡಸಾಲೆಗೆ ಅಟ್ಟಿ ಆರು ವರ್ಷವಾಯಿತೆಂದೂ, ಗೊರಕೆಯಿಂದ ಯಾರೂ ಸತ್ತಿಲ್ಲವೆಂದೂ, ನಾಲ್ಕು ದಿನ ಮನೆಯಲ್ಲಿ ಬಿದ್ದುಕೊಂಡರೆ ಎಲ್ಲ ಸರಿಹೋಗುವುದೆಂದೂ ಹೇಳಿದರು. ಬಂಡೆಪ್ಪ ಚಾವಿಯನ್ನು ಅವರ ಅಂಗೈಯಲ್ಲಿಟ್ಟು ಅವರ ಬೆರಳುಗಳನ್ನು ಮುಚ್ಚಿದ. “ಇದು ಏನ ಐತಿ ಅಂತ ಗೊತ್ತಾಗಿ, ಹತೋಟಿಗಿ ಬರೂತನಕಾ ನಾ ಸ್ಟೇರಿಂಗ್ ಮುಟ್ಟಂಗಿಲ್ಲರಿ,” ಎಂದ.

ಆಗ ಸಮದ ನಗುವುದನ್ನು ಬಿಟ್ಟು ವ್ಯವಹಾರಸ್ಥರಾಗಿ ಮಾತಾಡಿದರು. ಗಾಡಿ ನಿಲ್ಲುವಂತಿಲ್ಲ. ಉಳವಪ್ಪನೆಂಬ ಡ್ರೈವರ್ ಕೆಲಸ ಕೇಳಿಕೊಂಡು ಎರಡು ಸಲ ಬಂದಿದ್ದ, ಅವನನ್ನು ಕೂರಿಸಬೇಕಾಗುತ್ತದೆ. ದಸರೆಯವರೆಗೆ ಸೀಟು ಬಂಡೆಪ್ಪನದೇ. ದಸರೆಯ ದಿನ ಗಾಡಿಗೆ ಪೂಜೆ ಮಾಡುವಾಗ ಬಂಡೆಪ್ಪ ಚಾವಿ ಹಿಡಿಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಅಂದಿನಿಂದ ಉಳವಪ್ಪನೇ ಖಾಯಂ. ಅವನೂ ಮನುಷ್ಯ, ಅವನನ್ನು ವರ್ಷಗಟ್ಟಲೆ ತಾತ್ಕಾಲಿಕವಾಗಿ ಇಟ್ಟುಕೊಳ್ಳಲಾಗದು. ಅಲ್ಲಿಯವರೆಗೆ ಬಂಡೆಪ್ಪ ಒಪ್ಪುವುದಾದರೆ ಕ್ಲೀನರ್ ಕೆಲಸವಿದೆ. ಇದನ್ನು ಹೇಳುವಾಗ ಸಮದ ಮರದ ಕಡೆ ನೋಡುತ್ತಿದ್ದರು. ಬಂಡೆಪ್ಪ ಒಪ್ಪಿದ.

ನಲವತ್ತಾರು ವರ್ಷದ, ದಪ್ಪ ಕುತ್ತಿಗೆಯ, ಹೊಟ್ಟೆ ಬಂದ ಮನುಷ್ಯನೊಬ್ಬ ಟ್ರ್ಯಾಕ್ಸಿನ ಹಿಂಬದಿಯ ಮೆಟ್ಟಿಲ ಮೇಲೆ ನಿಂತು “ಬೆಳಗಾವಿ, ಬೆಳಗಾವಿ” ಎಂದು ಕೂಗುವುದನ್ನು ಖಾನಾಪುರದ ಸ್ಟ್ಯಾಂಡು ಆ ವರ್ಷ ನೋಡಿತು. ಉಳವಪ್ಪ ಕೆಟ್ಟವನಲ್ಲ, ಆದರೆ ಇಪ್ಪತ್ತೆಂಟರ ಹುಮ್ಮಸ್ಸಿನವನು. “ಬಂಡೆಪ್ಪಣ್ಣ, ನಿಂತಲ್ಲೇ ಮಕ್ಕೊಂಡ-ಗಿಕ್ಕೊಂಡಿ, ಕೈ ಬಿಟ್ಟೀತು,” ಎಂದು ಕನ್ನಡಿಯಲ್ಲಿ ನೋಡಿ ಹೇಳುತ್ತಿದ್ದ. ಗಿರಾಕಿಗಳೂ ನಗುತ್ತಿದ್ದರು. ಬಂಡೆಪ್ಪ ಬುಟ್ಟಿಗಳನ್ನು ಮೇಲೆ ಕಟ್ಟುತ್ತಿದ್ದ, ಇಳಿಸುತ್ತಿದ್ದ. ಚಂದ್ರವ್ವನ ಗಡಿಗೆಯನ್ನು ಮಾತ್ರ ಅವಳ ಕೈಗೇ ಕೊಡುತ್ತಿದ್ದ.

ಮೊದಲು ತೋರಿಸಿಕೊಂಡ ಇಬ್ಬರು ಡಾಕ್ಟರುಗಳ ಮುಂದೆಯೂ ಅವನು ಆಡಿದ ಮೊದಲ ಮಾತು ಪಿತ್ತ ಎಂದೇ. ಮಾತು ಮುಗಿಯುವ ಮೊದಲೇ ಅವರ ಕೈ ಚೀಟಿ ಬರೆಯತೊಡಗಿತ್ತು. ಅವರನ್ನು ದೂರುವಂತಿಲ್ಲ. ರೋಗಿಯೇ ರೋಗದ ಹೆಸರನ್ನು ಹೊತ್ತು ತಂದಾಗ ವೈದ್ಯನಿಗೆ ಉಳಿಯುವುದು ಗುಳಿಗೆಯ ಹೆಸರು ಮಾತ್ರ. ಗುಳಿಗೆಯಿಂದ ಉರಿ ಇಳಿಯಿತು. ನಿದ್ರೆ ಇಳಿಯಲಿಲ್ಲ. ಆಗ ಬಂಡೆಪ್ಪ, ಯಾವ ಶಾಲೆಯಲ್ಲಿಯೂ ಕಲಿಯದ ಒಂದು ಪ್ರಶ್ನೆಯನ್ನು ಹೆಂಡತಿ ಲಕ್ಷ್ಮಿಗೆ ಕೇಳಿದ: “ಎರಡೂ ಒಂದ ಜಡ್ಡ ಇದ್ರ, ಒಂದ ಕಡಿಮಿ ಆದಾಗ ಇನ್ನೊಂದ ಯಾಕ ಕಡಿಮಿ ಆಗವಲ್ದು?” ಒಂದು ಗಂಟಿನಲ್ಲಿ ಎರಡು ವಸ್ತುಗಳಿವೆ ಎಂಬುದನ್ನು ಅವನು ಗಂಟು ಬಿಚ್ಚದೆ, ಕೇವಲ ತೂಗಿ ನೋಡಿ ಕಂಡುಕೊಂಡಿದ್ದ. ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕಿಂತ ದುರ್ಬಲವಾದ ತರ್ಕಗಳನ್ನು ಓದಿದ್ದೇನೆ.

ಗಿರಾಕಿಯೊಬ್ಬರು ಹೇಳಿದ ಮೇಲೆ ಅವನು ಕ್ಯಾಂಪಿನಲ್ಲಿ ಸಣ್ಣ ದವಾಖಾನೆ ಇಟ್ಟಿದ್ದ ಕಿವಿ-ಮೂಗು-ಗಂಟಲಿನ ಡಾಕ್ಟರ್ ಸನಮ ಅವರಲ್ಲಿಗೆ ಹೋದ. ಲಕ್ಷ್ಮಿಯೂ ಜೊತೆಗಿದ್ದಳು. ಅವನು ಕುಳಿತವನೇ ವಾಡಿಕೆಯಂತೆ ಆರಂಭಿಸಿದ. ಡಾಕ್ಟರ್ ಪೆನ್ನಿನ ಟೊಪ್ಪಿಗೆ ತೆಗೆಯಲಿಲ್ಲ.

“ಪಿತ್ತ ಅನ್ನೂ ಶಬ್ದ ಬಿಟ್ಟು ಹೇಳ್ರಿ.”

ಆ ಒಂದು ಪದವನ್ನು ಕಳೆದರೆ ಹೇಳಲು ಏನು ಉಳಿಯುತ್ತದೆಂದು ಬಂಡೆಪ್ಪನಿಗೆ ತಿಳಿಯಲಿಲ್ಲ. ಆಮೇಲೆ, ಹೊಸ ಊರಿನ ದಾರಿ ಕೇಳುವವನಂತೆ, ಒಂದೊಂದಾಗಿ ಹೇಳಿದ: ಹುಳಿನೀರು, ಉರಿ, ತಲೆನೋವು, ಒಣ ಬಾಯಿ. ಕೊನೆಗೆ ಅತಿ ಕಷ್ಟಪಟ್ಟು, ನೆಲ ನೋಡುತ್ತ, ಹಗಲು ನಿದ್ರೆ.

ಡಾಕ್ಟರ್ ಒಂದು ಕಾಗದ ತೆಗೆದು ಎಂಟು ಪ್ರಶ್ನೆ ಕೇಳಿದರು. ಕುಳಿತು ಓದುವಾಗ, ಟೀವಿ ನೋಡುವಾಗ, ಉಂಡು ಸುಮ್ಮನೆ ಕುಳಿತಾಗ ಕಣ್ಣು ಮುಚ್ಚುವುದುಂಟೆ ಎಂದು. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಎಂಟನೆಯದು: ಗಾಡಿ ರಸ್ತೆಯಲ್ಲಿ ಕೆಲವು ನಿಮಿಷ ನಿಂತಾಗ? ಬಂಡೆಪ್ಪ ತಲೆಯೆತ್ತಿ ನೋಡಿದ. ಎಲ್ಲಿಯೋ ಪರದೇಶದಲ್ಲಿ ಈ ಕಾಗದ ಬರೆದವರಿಗೆ ದೇಸೂರಿನ ಗೇಟು ಹೇಗೆ ತಿಳಿಯಿತು ಎಂಬ ಭಾವ ಅವನ ಮುಖದಲ್ಲಿತ್ತು. “ಮೂರು,” ಎಂದ. ಕೂಡಿಸಿದಾಗ ಇಪ್ಪತ್ತನಾಲ್ಕಕ್ಕೆ ಹತ್ತೊಂಬತ್ತು ಬಂತು. ಹತ್ತನ್ನು ದಾಟಿದರೆ ವಿಚಾರ ಮಾಡಬೇಕಾದ ಸಂಗತಿ ಎಂದರು ಡಾಕ್ಟರ್. ಅವನ ಗಂಟಲಿನೊಳಗೆ ಬೆಳಕು ಬಿಟ್ಟು ನೋಡಿ, ಕುತ್ತಿಗೆಯನ್ನು ಟೇಪಿನಿಂದ ಅಳೆದು, ಲಕ್ಷ್ಮಿಯ ಕಡೆ ತಿರುಗಿ, ಇವರು ಮಲಗಿದಾಗ ಏನು ಕೇಳಿಸುತ್ತದೆ ಎಂದು ಕೇಳಿದರು.

“ಗೊರಕಿ ಹೊಡಿತಾರರಿ ಬಾಯಾರ. ಮನಿ ಹಂಚ ಹಾರಬೇಕು, ಹಂಗ. ನಡುನಡುವ ಗಪ್ಪ ಆಗತಾರ. ಆಮ್ಯಾಲ ನೀರಾಗ ಮುಳುಗಿದಾವ ಮ್ಯಾಲ ಬಂದಂಗ ಉಸರ ಎಳದ ಮತ್ತ ಚಾಲೂ.”

“ಗಪ್ಪ ಆದಾಗ ಹೊಟ್ಟಿ, ಎದಿ ಅಳ್ಳಾಡತಾವ?”

“ಅಳ್ಳಾಡತಾವರಿ. ಸಪ್ಪಳ ಅಷ್ಟ ಇರಂಗಿಲ್ಲ. ಅಂಗಾತ ಮಕ್ಕೊಂಡಾಗ ಭಾಳ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. “ಗಪ್ಪ ಆದಾಗ ನನಗ ಒಂದೀಟ ಸಮಾಧಾನ ಆಗತಿತ್ತರಿ. ಅಷ್ಟರಾಗ ನನಗ ನಿದ್ದಿ ಹತ್ತತಿತ್ತು.”

ಡಾಕ್ಟರ್, ಆ ಗಪ್ಪಾಗುವುದೇ ಕಾಯಿಲೆ ಎಂದು ಹೇಳಿದರು. ನಿದ್ರೆಯಲ್ಲಿ ಗಂಟಲಿನ ಮಾಂಸ ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದೆ. ಎದೆ ಎಳೆಯುತ್ತದೆ, ಗಾಳಿ ಹೋಗುವುದಿಲ್ಲ. ಮಿದುಳು ಗಾಬರಿಯಿಂದ ಒಂದು ಕ್ಷಣ ಎಚ್ಚರಗೊಂಡು ದಾರಿ ತೆರೆಯುತ್ತದೆ, ಮತ್ತೆ ಮಲಗುತ್ತದೆ. ರಾತ್ರಿಗೆ ನೂರಾರು ಸಲ ಹೀಗಾದರೆ ಎಂಟು ತಾಸಿನ ನಿದ್ರೆಯಲ್ಲಿ ನಿದ್ರೆಯೇ ಇರುವುದಿಲ್ಲ. ಮಲಗಿದವನಿಗೆ ಮಾತ್ರ ಇದರ ಸುಳಿವಿಲ್ಲ. ತನ್ನ ನಿದ್ರೆಗೆ ಯಾರೂ ತಾವೇ ಸಾಕ್ಷಿಯಾಗಲಾರರು. ಲಕ್ಷ್ಮಿಯ ಮುಖ ಬಿಳಿಚಿಕೊಂಡದ್ದನ್ನು ಕಂಡು ಬಂಡೆಪ್ಪ, ಅವಳಿಗಾದರೂ ನಿದ್ದೆ ಸಿಕ್ಕಿತಲ್ಲ, ಮನೆಯಲ್ಲಿ ಒಬ್ಬರಾದರೂ ಮಲಗಬೇಕು ಎಂದ. ಅವಳು ನಗಲಿಲ್ಲ.

ಹುಳಿನೀರು ಬೇರೆಯೇ ಕಾಯಿಲೆ, ಆದರೆ ನೆರೆಮನೆಯದು. ಮುಚ್ಚಿದ ಗಂಟಲಿನ ವಿರುದ್ಧ ಎದೆ ಎಳೆದಾಗ ಹೊಟ್ಟೆಯ ಆಮ್ಲವೂ ಮೇಲಕ್ಕೆ ಬರುತ್ತದೆ ಎನ್ನುವವರಿದ್ದಾರೆ. ಆಮ್ಲ ತಾಗಿ ಗಂಟಲು ಬಾತು ದಾರಿ ಇನ್ನಷ್ಟು ಕಿರಿದಾಗುತ್ತದೆ ಎನ್ನುವವರೂ ಇದ್ದಾರೆ. ಎರಡಕ್ಕೂ ತಾಯಿ ಆ ಹೊಟ್ಟೆಯ ಬೊಜ್ಜೇ ಎನ್ನುವವರೂ ಇದ್ದಾರೆ. ಯಾವುದು ಖಚಿತವೆಂದು ತಮಗೆ ಗೊತ್ತಿಲ್ಲ ಎಂದು ಡಾಕ್ಟರ್ ಒಪ್ಪಿಕೊಂಡರು. ತನಗೆ ಗೊತ್ತಿಲ್ಲವೆಂದು ಹೇಳಿದ ಡಾಕ್ಟರನ್ನು ಬಂಡೆಪ್ಪ ಕಂಡದ್ದು ಅದೇ ಮೊದಲು. ಅವನ ನಂಬಿಕೆ ಹುಟ್ಟಿದ್ದೂ ಅಲ್ಲಿಯೇ. ದೊಡ್ಡ ಶಹರಗಳಲ್ಲಿ ಮಲಗಿಸಿ ಪರೀಕ್ಷೆ ಮಾಡುವವರಿದ್ದಾರೆ, ಮೂಗಿಗೆ ಕಟ್ಟಿಕೊಂಡು ಗಾಳಿ ಒತ್ತಿಸಿಕೊಳ್ಳುವ ಯಂತ್ರವಿದೆ, ಅದು ಎಲ್ಲಕ್ಕಿಂತ ಗಟ್ಟಿ ಉಪಾಯ. ಆದರೆ ನಂದಗಡದಲ್ಲಿ ಅರ್ಧ ರಾತ್ರಿ ಕರೆಂಟೇ ಇರುವುದಿಲ್ಲ. ಅಂಗಾತ ಮಲಗಿದಾಗಲೇ ಹೆಚ್ಚು ಎಂದು ಲಕ್ಷ್ಮಿ ಹೇಳಿದ್ದರಿಂದ ಮೊದಲು ಬೇರೆ ದಾರಿ ನೋಡಬಹುದು. ಅದರಿಂದ ಆಗದಿದ್ದರೆ ಪರೀಕ್ಷೆ, ಯಂತ್ರ ತಪ್ಪಿದ್ದಲ್ಲ.

ಆ ಬೇರೆ ದಾರಿ ಹೇಳಲು ಸುಲಭವಾಗಿತ್ತು. ಸಂಜೆ ಆರೂವರೆಯೊಳಗೆ ಊಟ, ಮಲಗುವ ಮೊದಲು ಮೂರು ತಾಸು ಬರಿ ನೀರು, ಕೋಕಮ್ ಬಂದ್, ಮಂಚದ ತಲೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಂಗಿ, ಬೆಳಿಗ್ಗೆ ಹಸಿದ ಹೊಟ್ಟೆಗೆ ಒಂದು ಗುಳಿಗೆ, ಹತ್ತು ಕಿಲೋ ತೂಕ ಇಳಿಯಬೇಕು, ಮಗ್ಗುಲಾಗಿ, ಆದಷ್ಟೂ ಎಡಕ್ಕೆ ಮಲಗಬೇಕು. ಚಾವಿಯ ಮಾತನ್ನೂ ಡಾಕ್ಟರ್ ಸ್ಪಷ್ಟವಾಗಿ ಹೇಳಿದರು: ಎಂಟು ಪ್ರಶ್ನೆಗಳ ಅಂಕ ಹತ್ತಕ್ಕಿಂತ ಕೆಳಗೆ ಬರಬೇಕು, ಆಮೇಲೆ ಸತತವಾಗಿ ನಲವತ್ತು ದಿನ ಹಗಲು ಒಮ್ಮೆಯೂ ತೂಕಡಿಸಿರಬಾರದು. ಒಮ್ಮೆ ತೂಕಡಿಸಿದರೂ ಎಣಿಕೆ ಒಂದರಿಂದ.

ಡಬ್ಬಿಯಲ್ಲಿ ಎರಡು ರೊಟ್ಟಿ ಕಟ್ಟಿಕೊಂಡು ಹೋಗಿ ಬಂಡೆಪ್ಪ ಸಂಜೆ ಆರಕ್ಕೆ ಬೆಳಗಾವಿಯ ಸ್ಟ್ಯಾಂಡಿನಲ್ಲಿಯೇ ಉಣ್ಣತೊಡಗಿದ. ಕೊನೆಯ ಟ್ರಿಪ್ ಮುಗಿಸಿ, ಖಾನಾಪುರದಿಂದ ನಂದಗಡದ ಕಡೆ ಸಿಕ್ಕ ಗಾಡಿ ಹತ್ತದೆ ಮೂರು ಮೈಲಿ ನಡೆದು ಆಮೇಲೆ ಬಸ್ಸು ಹತ್ತುತ್ತಿದ್ದ. ಮದರಬೀಯ ತಂಗಿಯ ಮಗಳ ನಿಕಾಹದಲ್ಲಿ ಬಿರಿಯಾನಿಯ ತಟ್ಟೆಯನ್ನು ಎರಡು ತುತ್ತಿಗೆ ನಿಲ್ಲಿಸಿ ಎದ್ದಾಗ ಸಮದರಿಗೆ ನಿಜವಾಗಿಯೂ ಕೋಪ ಬಂದಿತ್ತು. ಸೋತದ್ದು ಒಂದರಲ್ಲಿ: ಎಡಕ್ಕೆ ಮಲಗಿದವನು ನಿದ್ರೆ ಹತ್ತಿದೊಡನೆ ಅಂಗಾತನಾಗುತ್ತಿದ್ದ. ನಿದ್ರೆಯಲ್ಲಿರುವವನಿಗೆ ನಿಶ್ಚಯವೆಂಬುದು ಇರುವುದಿಲ್ಲ.

ಇದಕ್ಕೆ ದಾರಿ ತೋರಿಸಿದವಳು ತಾಯಿ ಸಾತವ್ವ. ಮಗ ಬೆನ್ನ ಮೇಲೆ ಮಲಗಬಾರದಂತೆ ಎಂಬುದು ಕಿವಿಗೆ ಬಿದ್ದೊಡನೆ ಅವಳು ಅಟ್ಟದಿಂದ ಒಂದು ಉಣ್ಣೆಯ ಪಟ್ಟಿ ಇಳಿಸಿದಳು. ನಡುವಿಗೆ ಕಟ್ಟುವಂಥದ್ದು, ಹಿಂದುಗಡೆ ಒಂದು ಚೀಲ, ಒಳಗೆ ಕವಣೆಯ ಕಲ್ಲುಗಳು.

“ನಿಮ್ಮಪ್ಪ ಹಟ್ಟ್ಯಾಗ ಕುರಿ ಕಾಯಾಕ ಮಕ್ಕೊಂಡಾಗ ಇದನ್ನ ಬಿಚ್ಚತಿದ್ದಿಲ್ಲೋ ಬಂಡ್ಯಾ. ಅಂಗಾತ ಆದ್ರ ಕಲ್ಲ ಚುಚ್ಚತಿದ್ದುವು. ಬೆನ್ನ ಹಚ್ಚಿ ಮಕ್ಕೊಂಡ್ರ ಗಡದ್ದ ನಿದ್ದಿ ಹತ್ತಿ ತ್ವಾಳ ಬಂದದ್ದ ತಿಳಿಯಂಗಿಲ್ಲ ಅಂತಿದ್ದ.”

ಹಿಂದಿನವರಿಗೆ ಎಲ್ಲ ಗೊತ್ತಿತ್ತು ಎಂದು ಸಾರಲು ಇದನ್ನು ಹೇಳುತ್ತಿಲ್ಲ. ಬಂಡೆಪ್ಪನ ತಂದೆಗೆ ಗಂಟಲಿನ ಮಾಂಸದ ಸಂಗತಿ ತಿಳಿದಿರಲಿಲ್ಲ; ಅವನ ಚಿಂತೆ ತೋಳದ್ದು. ಆದರೆ ತನ್ನನ್ನು ಯಾವ ಕಾರಣಕ್ಕೆ ಕಟ್ಟಿದ್ದಾರೆಂಬುದು ಕಲ್ಲಿಗೂ ತಿಳಿಯದು. ಅದು ಚುಚ್ಚುತ್ತದೆ, ಅಷ್ಟೆ. ಬಂಡೆಪ್ಪ ಪಟ್ಟಿಗೆ ಭುಜದ ಮೇಲಿಂದ ಎರಡು ನವಾರ ಹೊಲಿಸಿ, ಚೀಲ ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಕೂರುವಂತೆ ಮಾಡಿಕೊಂಡ.

ಲೆಕ್ಕ ಲಕ್ಷ್ಮಿಯದು. ರವಿವಾರ ಟ್ರ್ಯಾಕ್ಸಿಗೆ ರಜೆ. ಮಧ್ಯಾಹ್ನದ ಊಟವಾದ ಮೇಲೆ ಮೂರು ತಾಸು ಕಳೆದು ಅವನು ಒಂದು ತಾಸು ಮಲಗಬೇಕು. ಆ ಒಂದು ನಿದ್ರೆಗೆ ಮಾತ್ರ ನಲವತ್ತು ದಿನಗಳ ಎಣಿಕೆಯಿಂದ ವಿನಾಯಿತಿ. ಅವಳು ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು, ಹತ್ತು ಸೆಕೆಂಡ್ ಮೀರಿ ಗಪ್ಪಾದಾಗಲೆಲ್ಲ ಒಂದು ಜೋಳದ ಕಾಳನ್ನು ಬಟ್ಟಲಿಗೆ ಹಾಕುವಳು. ಒಂದು ಕಾಲಕ್ಕೆ ಅವಳಿಗೆ ಸಮಾಧಾನ ತರುತ್ತಿದ್ದ ಮೌನವನ್ನೇ ಈಗ ಅವಳು ಉಸಿರು ಬಿಗಿಹಿಡಿದು ಅಳೆಯುತ್ತಿದ್ದಳು. ಮೊದಲ ರವಿವಾರ, ಕಲ್ಲಿಲ್ಲದೆ, ಮೂವತ್ತನಾಲ್ಕು ಕಾಳು. ಪಟ್ಟಿ ಕಟ್ಟಿದ ಮೊದಲ ರವಿವಾರ ಹದಿನೆಂಟು. ಜೂನ್ ಕೊನೆಗೆ, ಏಳು ಕಿಲೋ ಇಳಿದಾಗ, ಒಂಬತ್ತು. ಡಾಕ್ಟರ್ ಒಂದು ವಾರ ಪಟ್ಟಿ ಬಿಚ್ಚಿ ಮಲಗಿಸಿ ಎಣಿಸಲು ಹೇಳಿದರು. ಆ ಸಲ ಇಪ್ಪತ್ತೆರಡು ಬಂತು. ಕೆಲಸ ಮಾಡುತ್ತಿರುವುದು ಕಲ್ಲೋ ತೂಕವೋ ಎಂದು ನೋಡುವ ಉಪಾಯವದು, ಎರಡೂ ಮಾಡುತ್ತಿದ್ದವು. ಹುಳಿನೀರು ವಾರಕ್ಕೆ ಒಂದೆರಡು ಸಲಕ್ಕೆ ಇಳಿಯಿತು. ಜುಲೈ ಮೂರನೆಯ ವಾರ ಎಂಟು ಪ್ರಶ್ನೆಗಳ ಅಂಕ ಎಂಟಕ್ಕೆ ಬಂತು. ನಲವತ್ತರ ಎಣಿಕೆ ಶುರುವಾಯಿತು.

ಮೂವತ್ತಮೂರನೆಯ ದಿನ ಅವನು ಸೋತ. ಹಿಂದಿನ ರಾತ್ರಿ ಓಣಿಯಲ್ಲಿ ಸಾವಾಗಿತ್ತು, ಮಲಗಿದ್ದು ತಡವಾಗಿತ್ತು. ಮಳೆಯ ಕಾರಣಕ್ಕೆ ಉಳವಪ್ಪ ಅವನನ್ನು ಒಳಗೆ, ಕೊನೆಯ ಸೀಟಿನ ಮೂಲೆಗೆ ಕೂರಿಸಿದ್ದ. ದೇಸೂರ ದಾಟಿದ್ದು ಅವನಿಗೆ ಗೊತ್ತಾಗಲಿಲ್ಲ. ಎಚ್ಚರವಾದಾಗ ಕ್ಯಾಂಪಿನ ಮರಗಳು ಕಾಣುತ್ತಿದ್ದವು. ಯಾರೂ ನೋಡಿರಲಿಲ್ಲ. ಉಳವಪ್ಪನ ಕನ್ನಡಿಗೆ ಆ ಮೂಲೆ ನಿಲುಕುವುದಿಲ್ಲ. ಚಂದ್ರವ್ವ ಮುಂದೆ ಕುಳಿತಿದ್ದಳು. ಕಿಟಕಿಗಳು ಮುಚ್ಚಿದ ಗಾಡಿಯಲ್ಲಿ ಅರ್ಧಕ್ಕರ್ಧ ಜನ ತೂಕಡಿಸುತ್ತಿದ್ದರು. ಇನ್ನು ಏಳೇ ದಿನ ಉಳಿದಿತ್ತು.

ಅವನು ಅಂದು ಸಂಜೆಯೇ ಟಾಯರ್ ಅಂಗಡಿಗೆ ಹೋಗಿ ಸಮದರಿಗೆ ಹೇಳಿದ. ಅವರು ಕೇಳಿಸದವರಂತೆ ಗಾಳಿಯ ಪಂಪಿನ ಕಡೆ ನೋಡಿದರು. ಯಾರಾದರೂ ನೋಡಿದರೇ ಎಂದು ಕೇಳಿದರು. ಇಲ್ಲ ಎಂದ. ಹಾಗಾದರೆ ಆಗಿಲ್ಲ ಎಂದರು ಸಮದ.

“ಗೇಟಿನಾಗೂ ಯಾರೂ ನೋಡಿದ್ದಿಲ್ಲರಿ ಸಾಹೇಬ್ರ, ಚಂದ್ರಕ್ಕ ಒಬ್ಬಾಕಿ ಬಿಟ್ರ. ನಾಳಿಂದ ಮತ್ತ ಒಂದರಿಂದ.”

ಸಮದ ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿ ಬೆರಳಿಟ್ಟು ಎಣಿಸಿದರು. ನಲವತ್ತು ಮುಗಿಯುವುದು ದಸರೆಗೆ ನಾಲ್ಕು ದಿನ ಇರುವಾಗ. ಮೊದಲ ನಾಲ್ಕು ದಿನ ಕಳೆದ ಮೇಲೆ ಇನ್ನೊಮ್ಮೆ ತಪ್ಪಿದರೆ ಮತ್ತೆ ಎಣಿಸಲು ದಿನಗಳಿಲ್ಲ. ದಸರೆಯ ಮಾತನ್ನು ತಾನು ಹಿಂದಕ್ಕೆ ತೆಗೆದುಕೊಳ್ಳಲಾರೆ, ಉಳವಪ್ಪನಿಗೂ ಅದೇ ಮಾತು ಕೊಟ್ಟಾಗಿದೆ ಎಂದು ಅವರು ದುಃಖದಿಂದಲೇ ಹೇಳಿದರು. ಬಂಡೆಪ್ಪ, ತೆಗೆದುಕೊಳ್ಳಬೇಡಿ ಎಂದ.

ಆ ನಲವತ್ತು ದಿನ ಅವನು ಗಾಡಿಯಲ್ಲಿ ಅಂಜಿ ಎಚ್ಚರವಾಗಿರಲಿಲ್ಲ. ಹಾಗಿದ್ದರೆ ಅದು ಪರೀಕ್ಷೆಯೇ ಅಲ್ಲವೆಂದು ಡಾಕ್ಟರ್ ಎಚ್ಚರಿಸಿದ್ದರು. ಕಣ್ಣಿಗೆ ನೀರು ಹಚ್ಚುವುದು, ಚಹಾದ ಮೇಲೆ ಚಹಾ, ಎಲ್ಲ ನಿಷಿದ್ಧ. ಅವನು ರಾತ್ರಿಗಳನ್ನು ಮಾತ್ರ ಕಾಯ್ದ. ಮನೆ ಸೇರಿದೊಡನೆ ದೀಪ ಆರಿಸಿದ. ಓಣಿಯ ಭಜನೆಗೆ ಹೋಗಲಿಲ್ಲ. ಗಾಡಿಯಲ್ಲಿ ಮೂಲೆಯ ಸೀಟನ್ನೇ ಕೇಳಿ ಪಡೆದು, ನಿದ್ರೆ ಬರುವುದಾದರೆ ಬರಲಿ ಎಂದು ಒರಗಿ ಕುಳಿತ. ಈ ಸಲ ಚಂದ್ರವ್ವನನ್ನೂ ಎದುರಿನ ಸೀಟಿಗೆ ಕರೆದು, ತನ್ನ ಮುಖ ನೋಡುತ್ತ ಕೂರಲು ಹೇಳಿದ. ಅವಳು ನಲವತ್ತು ದಿನ ಗಡಿಗೆಯ ಮೇಲಿಂದ ಅವನನ್ನು ನೋಡುತ್ತ ಬಂದಳು. ಗಂಡನ ಮುಖವನ್ನೂ ಇಷ್ಟು ನೋಡಿರಲಿಲ್ಲವೆಂದು ಗಾಡಿಯ ಜನಕ್ಕೆಲ್ಲ ಹೇಳಿದಳು. ಇಪ್ಪತ್ತರ ಹೊತ್ತಿಗೆ ಉಳವಪ್ಪನ ತಮಾಷೆ ನಿಂತಿತು. ಮೂವತ್ತರ ಹೊತ್ತಿಗೆ ಅವನೇ ಬೆಳಿಗ್ಗೆ “ಇವತ್ತಿಗೆ ಎಷ್ಟಣ್ಣ?” ಎಂದು ಕೇಳುತ್ತಿದ್ದ, ತಾನೂ ಬೇರೆ ಗಾಡಿ ನೋಡಿಕೊಳ್ಳಬೇಕಲ್ಲ ಎಂದು.

ನಲವತ್ತು ಮುಗಿಯಿತು. ಚಂದ್ರವ್ವ ದವಾಖಾನೆಗೆ ಬಂದು ತಾನು ಕಂಡದ್ದನ್ನು ಹೇಳಿದಳು. ಲಕ್ಷ್ಮಿ ಆ ರವಿವಾರದ ಬಟ್ಟಲನ್ನೇ ತಂದಿದ್ದಳು, ಅದರಲ್ಲಿ ಐದು ಕಾಳು. ಸೊನ್ನೆ ಯಾಕಿಲ್ಲ ಎಂದು ಬಂಡೆಪ್ಪ ಕೇಳಿದ. ಸೊನ್ನೆ ಆಗಲಿಕ್ಕಿಲ್ಲ, ಚಾವಿ ಹಿಡಿಯಲು ಇಷ್ಟು ಸಾಕು, ಆದರೆ ತೂಕ ಮರಳಿದರೆ ಕಾಳೂ ಮರಳುತ್ತವೆ, ಪಟ್ಟಿಯನ್ನೂ ಗುಳಿಗೆಯನ್ನೂ ಈ ಎಣಿಕೆಯನ್ನೂ ಬಿಡುವಂತಿಲ್ಲ, ನಂದಗಡಕ್ಕೆ ಕರೆಂಟು ಸರಿಯಾದ ದಿನ ಯಂತ್ರದ ವಿಚಾರ ಮತ್ತೆ ಮಾಡೋಣ ಎಂದರು ಡಾಕ್ಟರ್. ಅವನು ತಲೆಯಾಡಿಸಿದ. ವಾಸಿಯಾಗಬೇಕೆಂದು ಅವನು ಕೇಳಿರಲಿಲ್ಲ, ಗೊತ್ತಾಗಬೇಕೆಂದು ಕೇಳಿದ್ದ.

ದಸರೆಯ ಮರುದಿನ, ಚೆಂಡುಹೂವಿನ ಮಾಲೆ ಇನ್ನೂ ಬಾಡದ ಟ್ರ್ಯಾಕ್ಸನ್ನು ಅವನು ದೇಸೂರಿನ ಗೇಟಿಗೆ ತಂದ. ಗೇಟು ಹಾಕಿತ್ತು. ಹಿಂದಿನ ಸೀಟುಗಳಲ್ಲಿ ಮಾತು ಸ್ವಲ್ಪ ಕಡಿಮೆಯಾಯಿತು. ಬಂಡೆಪ್ಪ ಎಂಜಿನ್ ಆರಿಸಿದ, ಹ್ಯಾಂಡ್‌ಬ್ರೇಕ್ ಎಳೆದ, ಗೇರಿನಲ್ಲಿ ಬಿಟ್ಟ, ಚಾವಿ ಕಿತ್ತು ಪಕ್ಕದಲ್ಲಿದ್ದ ಚಂದ್ರವ್ವನ ಕೈಗೆ ಕೊಟ್ಟು ಕೆಳಗಿಳಿದು ಹೋಗಿ ಅಡ್ಡಗೋಲಿನ ಹತ್ತಿರ ನಿಂತುಕೊಂಡ. ಹೀಗೆ ಮಾಡುವೆನೆಂದು ಅವನು ಯಾರಿಗೂ ಹೇಳಿರಲಿಲ್ಲ. ಗೂಡ್ಸ್ ಹೋಯಿತು. ಗೇಟು ಏಳುವಾಗ ಅವನು ಬಂದು ಕಿಟಕಿಯಲ್ಲಿ ಕೈಚಾಚಿದ.

“ಕಣ್ಣ ತೋರಸು,” ಎಂದಳು ಚಂದ್ರವ್ವ.

ಅವನು ತೋರಿಸಿದ. ಅವಳು ಅವಸರಪಡದೆ ಎರಡೂ ಕಣ್ಣು ನೋಡಿದಳು. ಹಿಂದೆ ಲಾರಿಯವರು ಹಾರ್ನ್ ಹೊಡೆಯುತ್ತಿದ್ದರು. ಆಮೇಲೆ ಚಾವಿ ಕೊಟ್ಟಳು.

ಅಂದಿನಿಂದ ಆ ಗಾಡಿಯಲ್ಲಿ ಅದೇ ಪದ್ಧತಿ. ಗೇಟು ಹಾಕಿದಾಗ ಮುಂದಿನ ಸೀಟಿನಲ್ಲಿ ಯಾರಿರುವರೋ ಅವರ ಕೈಗೆ ಚಾವಿ. ಗೇಟು ತೆಗೆದಾಗ ಅವರು ಅವನ ಕಣ್ಣು ನೋಡಿ ಕೊಡಬೇಕು. ಹೊಸಬರು ಇದೇನೆಂದು ಕೇಳಿದರೆ ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ: ನನಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ, ಹುಳಿನೀರು ಮೇಲೆ ಬರುತ್ತದೆ, ಒಮ್ಮೆ ಇಲ್ಲಿಯೇ ಮಲಗಿದ್ದೆ. ಗಾಡಿಯಲ್ಲಿ ಯಾರಾದರೂ ಪಿತ್ತವಾಗಿದೆ ಎಂದರೆ, ಆ ಶಬ್ದ ಬಿಟ್ಟು ಏನಾಗುತ್ತದೆಂದು ಹೇಳಿ ಎನ್ನುತ್ತಾನೆ. ಬಹಳ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಕೆಲವರು, ಒಂದೆರಡು ಮೈಲಿ ಕಳೆದ ಮೇಲೆ, ಹೇಳತೊಡಗುತ್ತಾರೆ.